ಸಾವುಕಾರರ ಕೆನ್ನೆ

ಅಚ್ಚುಕೂಟದ ಕತ್ತಲೆ ಕೋಣೆಯ ಬಾಗಿಲನ್ನು ಯಾರೋ ಗುದ್ದಿದರು. ಹೊರಗೆ ಕುರ್ಲಾದ ಮಧ್ಯಾಹ್ನ. ಒಳಗೆ ಎಂದಿನಂತೆ ರಾತ್ರಿ. ದಾನವ್ವ ಚಿಲಕ ತೆಗೆದಳು.

"ರಂಡೆ, ಒಳಗ ಸತ್ತಿದ್ದೇನ?"

ಮ್ಯಾನೇಜರ್ ಶಿವಪುತ್ರಪ್ಪ ಒಳನುಗ್ಗಿದ. ಆರ್ಕ್ ದೀಪ ಆಗಷ್ಟೇ ಹೊತ್ತಿಕೊಂಡಿತ್ತು. ಅದರೆದುರಿನ ಮೇಜಿನ ಮೇಲೆ ಮದ್ದು ಬಳಿದ ಸತುವಿನ ತಗಡು. ತಗಡನ್ನು ಮುಚ್ಚಿದ ಗಾಜಿನಲ್ಲಿ ಮಾಲೀಕ ಸಂಗಪ್ಪ ಸಾವುಕಾರರ ಮೊರದಗಲದ ಮುಖ. ಮರುದಿನ ಅವರಿಗೆ 'ಕಾರ್ಮಿಕಬಂಧು' ಎಂಬ ಬಿರುದಿನ ಸನ್ಮಾನ. ಇದು ಅದರ ಪೋಸ್ಟರು ಒತ್ತುವ ಬ್ಲಾಕು. ಬೆಳಕು ಬಿದ್ದಲ್ಲಿ ಮದ್ದು ಗಟ್ಟಿಯಾಗಿ ತಗಡನ್ನು ಕಚ್ಚಿಕೊಳ್ಳುತ್ತದೆ. ನೆರಳು ಬಿದ್ದಲ್ಲಿ ನೀರಿಗೆ ಕರಗಿ, ಆ ಜಾಗ ಅಚ್ಚಿನಲ್ಲಿ ಬಿಳಿಯಾಗಿ ಉಳಿಯುತ್ತದೆ. ತೊಳೆಯುವವಳು ದಾನವ್ವ. ಆ ಕಿತ್ತಳೆ ಬಣ್ಣದ ಮದ್ದು ತಗಡಿನಷ್ಟೇ ನಿಷ್ಠೆಯಿಂದ ಅವಳ ಬೆರಳುಗಳನ್ನೂ ಕಚ್ಚಿ ತೂತು ಕೊರೆದಿತ್ತು.

"ನಾಳೆ ದೊಡ್ಡ ಮಂದಿ ಬರತಾರ. ಚಿಂದಿ ಸುತ್ತಿದ ಕೈ ಒಂದೂ ಕಾಣಬಾರದು. ಹುಣ್ಣಿದ್ದವರಿಗೆ ನಾಡದರಿಂದ ಕೆಲಸಿಲ್ಲ."

"ರಬ್ಬರಿನ ಕೈಗವಸ ಕೇಳಿದ್ವಿರಿ."

"ನಿಮ್ಮ ಕೇರಿ ಹೊಲಸ ಕೈಗೆ ರಬ್ಬರ ಗವಸ. ಕಾಲಿಗೆ ಬೆಳ್ಳಿ ಗೆಜ್ಜಿನೂ ಮಾಡಸೂಣೇನ?"

ದೀಪ ಆರುವವರೆಗೂ ಅವನು ಮೇಜಿನ ಮೇಲೆ ಒಂದು ಕೈಯೂರಿ ನಿಂತು ಬೈದ. ದಾನವ್ವ ಅವನ ಮುಖ ನೋಡಲಿಲ್ಲ, ಗಾಜನ್ನೇ ನೋಡುತ್ತಿದ್ದಳು. ಏನನ್ನೋ ಹೇಳಲು ಬಾಯಿ ತೆರೆದಳು. ಮುಚ್ಚೆಂದ. ಮುಚ್ಚಿದಳು.

ಬೆಳಿಗ್ಗೆ ಸ್ಟೇಷನ್ನಿನ ಗೋಡೆಗಳ ಮೇಲೆ ಕಾರ್ಮಿಕಬಂಧು ನಗುತ್ತಿದ್ದರು. ಎಡಗೆನ್ನೆಯ ಮೇಲೆ ಬೆಳ್ಳಗೆ ಐದು ಬೆರಳು. ಲೋಕಲ್ ರೈಲು ತಪ್ಪಿದರೂ ಜನ ನಿಂತು ನೋಡಿದರು.

ಸಾವುಕಾರರು ಆಳುಗಳನ್ನು ಸಾಲಾಗಿ ನಿಲ್ಲಿಸಿದರು. ಸಿಕ್ಕವರನ್ನು ಪೊಲೀಸರಿಗೆ ಒಪ್ಪಿಸುವುದಾಗಿ ಮ್ಯಾನೇಜರ್ ಕೂಗಾಡಿದ. ಅಚ್ಚೊತ್ತುವ ಕಾಂತಪ್ಪ ವಿನಯದಿಂದ ಕೈಮುಗಿದ.

"ಒತ್ತಲಿಕ್ಕೆ ಹೇಳಿದ್ದು ಮಾರಾಯ್ರೆ. ನೋಡಲಿಕ್ಕೆ ಯಾರೂ ಹೇಳಲಿಲ್ಲ."

ಮೊದಲು ದಾನವ್ವನ ಕೈಯನ್ನೇ ಪೋಸ್ಟರಿಗೆ ಒತ್ತಿಸಿದರು. ಬಾತು ಡೊಂಕಾದ ಬೆರಳುಗಳು ಹೊಂದಲಿಲ್ಲ. ಚಿಂದಿ ಸುತ್ತಿದ ಉಳಿದ ಕೈಗಳೂ ಒಂದೊಂದಾಗಿ ಬಂದವು, ಒಂದೂ ಹೊಂದಲಿಲ್ಲ. ಸಾವುಕಾರರ ಕೆನ್ನೆಯ ಮೇಲಿದ್ದುದು ನೀಳವಾದ, ಆರೋಗ್ಯವಂತ ಕೈ. ಒಂದು ಬೆರಳಿನ ಬುಡದಲ್ಲಿ, ಪಕ್ಕಕ್ಕೆ ಜರುಗಿದ ಉಂಗುರದ ಹರಳು ಉಬ್ಬಿತ್ತು. ದೀಪಾವಳಿಗೆ ತಾವೇ ತೊಡಿಸಿದ್ದ ಆ ಹರಳನ್ನು ಸಾವುಕಾರರು ಬಹಳ ಹೊತ್ತು ನೋಡಿದರು. ಅವರ ಬೆನ್ನ ಹಿಂದೆ ಒಂದು ಕೈ ಮೆಲ್ಲಗೆ ಕೋಟಿನ ಜೇಬಿಗಿಳಿಯಿತು.

ದಾನವ್ವ ಯಾರೂ ಕೇಳದೆಯೇ ಬಾಯಿ ತೆರೆದಳು.

"ತೊಳದಾಕಿ ನಾ. ಕೈ ಶಿವಪುತ್ರಪ್ಪಂದು."