ಒಂದೇ ಅಳತೆಯ ತುಂಡುಗಳು

ಪರೀಕ್ಷೆಯ ಒಂಬತ್ತನೆಯ ದಿನ ಮಧ್ಯಾಹ್ನ ಯಂತ್ರ ಮತ್ತೆ ನಿಂತುಹೋಯಿತು. ಪರದೆಯ ಮೇಲೆ ಮೂಡಿದ ಸಾಲನ್ನು ಅವಳು ಎರಡು ಸಲ ಓದಿದಳು: ಕೇಳಿದಷ್ಟು ಮೆಮೊರಿ ಸಿಗಲಿಲ್ಲ.

"ಮೂರನೇ ಸಲ ಇದು," ಎಂದ ಪಕ್ಕದಲ್ಲಿದ್ದ ಪರೀಕ್ಷಕ. "ರೋಗಿಗೆ ಹಾಕಿದ್ದಿದ್ರೆ..."

ಅದು ಉಸಿರಾಟದ ಯಂತ್ರ. ಅದರೊಳಗಿನ ಎಲ್ಲ ಕೆಲಸಗಳನ್ನೂ ನಡೆಸುವ ತಳದ ಪ್ರೋಗ್ರಾಂ, ಕರ್ನಲ್, ಅವಳೂ ಅವಳ ಅಣ್ಣನೂ ಸೇರಿ ಬರೆದದ್ದು. ಮೆಮೊರಿ ಹಂಚುವ ಭಾಗ ಮಾತ್ರ ಪೂರ್ತಿ ಅಣ್ಣನದೇ. ಪ್ರತಿ ಕೆಲಸಕ್ಕೂ ಅದು ಕೇಳಿದಷ್ಟೇ ಮೆಮೊರಿ ಕತ್ತರಿಸಿ ಕೊಟ್ಟು, ವಾಪಸು ಬಂದ ಚೂರುಗಳನ್ನು ಬೆಸೆದಿಡುವ ಜಾಣ ಏರ್ಪಾಡು. ಎಲ್ಲೋ ಬೆಸುಗೆ ತಪ್ಪಿ, ದಿನ ಕಳೆದಂತೆ ಬರೀ ಚೂರುಗಳು ಉಳಿದು, ದೊಡ್ಡ ತುಂಡು ಕೇಳಿದರೆ ಸಿಗುತ್ತಿರಲಿಲ್ಲ. ಎಲ್ಲಿ ಎಂದು ಹೇಳಬೇಕಾದವನು ತೀರಿಕೊಂಡು ನಾಲ್ಕು ತಿಂಗಳಾಗಿತ್ತು.

ಸರಳ ದಾರಿಯೊಂದಿತ್ತು. ಶುರುವಿನಲ್ಲೇ ಎಲ್ಲ ಮೆಮೊರಿಯನ್ನೂ ಒಂದೇ ಅಳತೆಯ ತುಂಡು ಮಾಡಿಟ್ಟು, ಯಾರು ಕೇಳಿದರೂ ಒಂದೊಂದು ತುಂಡು ಕೊಡುವುದು. ಜಾಗ ದಂಡ, ಆದರೆ ಚೂರಾಗುವ ಭಯವಿಲ್ಲ. ಹಿಂದೆ ಅವಳು ಇದನ್ನೇ ಹೇಳಿದಾಗ ಅಣ್ಣ ನಕ್ಕುಬಿಟ್ಟಿದ್ದ. "ಹಾಸ್ಟೆಲ್ ಊಟ ಕಣೇ ಅದು! ಹಸಿವಿರಲಿ ಬಿಡಲಿ, ಎಲ್ಲರಿಗೂ ಒಂದೇ ಸೌಟು."

ಮರುದಿನ ಬೆಳಿಗ್ಗೆ ಅಣ್ಣನ ನಾಲ್ಕು ಸಾವಿರ ಸಾಲುಗಳನ್ನು ತೆಗೆಯಲು ಕೂತಳು. ನಡುವೆ ಅವನ ಟಿಪ್ಪಣಿ ಕಣ್ಣಿಗೆ ಬಿತ್ತು: 'ತಂಗೀ, ಇಲ್ಲಿ ಕೈ ಹಾಕಿದ್ರೆ ಕಿವಿ ಹಿಂಡ್ತೀನಿ.' ಸುತ್ತಲಿನ ಸಾಲುಗಳನ್ನೆಲ್ಲ ಮೊದಲು ಅಳಿಸಿದಳು. ಆಮೇಲೆ ಅದನ್ನೂ ಅಳಿಸಿದಳು. ಆ ಜಾಗಕ್ಕೆ ತೊಂಬತ್ತು ಸಾಲು ಸಾಕಾಯಿತು.

ಸಂಜೆ ಅತ್ತಿಗೆ ಗಂಡನ ಸಾಮಾನು ಒಯ್ಯಲು ಆಫೀಸಿಗೆ ಬಂದಳು. ಒಂದು ಸ್ವೆಟರ್, ಎರಡು ಪುಸ್ತಕ, ಹಿಡಿ ಮುರಿದ ಕಾಫಿ ಕಪ್. ಎಲ್ಲ ಚೀಲಕ್ಕೆ ಹಾಕಿಕೊಂಡು ಯಂತ್ರದ ಕಡೆ ನೋಡಿದಳು.

"ಅವರು ಬರೆದದ್ದು ಇದರೊಳಗೇ ಇರೋದು, ಅಲ್ವಾ?"

ಹೂಂ ಅಂದುಬಿಡಬಹುದಿತ್ತು. ಅತ್ತಿಗೆಗೆ ಎಂದೂ ಗೊತ್ತಾಗುತ್ತಿರಲಿಲ್ಲ.

"ಇಲ್ಲ ಅತ್ತಿಗೆ. ಇವತ್ತು ತೆಗೆದುಬಿಟ್ಟೆ."

"ಮೂರು ವರ್ಷ ಊಟಕ್ಕೆ ಕೂತರೂ ಅದೇ ಧ್ಯಾನ ಅವರಿಗೆ." ಅತ್ತಿಗೆಯ ದನಿ ಸಣ್ಣಗಾಯಿತು. "ತಪ್ಪಿತ್ತಾ?"

"ಒಂದು ಕಡೆ ಇತ್ತು. ಅವನಿದ್ದಿದ್ರೆ ಅರ್ಧ ದಿನದಲ್ಲಿ ಸರಿಮಾಡ್ತಿದ್ದ. ನನ್ನ ಕೈಲಿ ಆಗಲಿಲ್ಲ."

ಅತ್ತಿಗೆ ಬೈಯಲಿಲ್ಲ, ಅಳಲೂ ಇಲ್ಲ. "ಸ್ವಲ್ಪ ಕೂತ್ಕೊಂಡು ಹೋಗ್ತೀನಿ," ಎಂದು ಗಂಡನ ಕುರ್ಚಿಯನ್ನು ಎಳೆದುಕೊಂಡಳು. ಅದು ಅವನ ಎತ್ತರಕ್ಕೆ ಏರಿಸಿಟ್ಟಿದ್ದ ಕುರ್ಚಿ. ಅವಳ ಪಾದಗಳು ನೆಲ ಮುಟ್ಟಲಿಲ್ಲ.