ಪಾದ್ರಿ ಬರೆಯದೆ ಬಿಟ್ಟದ್ದು

ಸತ್ತ ಮನುಷ್ಯ ನಾಲ್ಕು ವರ್ಷದ ಮೇಲೆ ಎದ್ದುಬಂದು ಮಗುವೊಂದನ್ನು ಎತ್ತಿಕೊಂಡು ನಿಂತಿದ್ದ. ಲಿಯೋಟಾ ಹೈಸ್ಲರ್ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಚರ್ಚಿನ ಹಳೆಯ ದಾಖಲೆ ಪುಸ್ತಕ ಅದನ್ನೇ ಹೇಳುತ್ತಿತ್ತು. ಕ್ಯಾಸ್ಪರ್ ಹೈಸ್ಲರ್ ಮಣ್ಣಾದದ್ದು 1847ರಲ್ಲಿ. ಅದೇ ಹೆಸರಿನವನು 1851ರಲ್ಲಿ ಅವಳ ಮುತ್ತಜ್ಜನ ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಂತಿದ್ದ. ಪಕ್ಕದಲ್ಲಿ 'ಮಗುವಿನ ತಾತ' ಎಂದು ಬರೆದಿತ್ತು.

ಆ ಪುಟವನ್ನು ಅವಳು ಹಿಂದೆಯೂ ನೋಡಿದ್ದಳು. ಪಾದ್ರಿ ಇಸವಿ ತಪ್ಪು ಬರೆದಿರಬೇಕೆಂದು ಮುಂದೆ ಹೋಗಿದ್ದಳು. ಇವತ್ತು ಬೇರೊಂದು ಪುಸ್ತಕದಲ್ಲಿ ಎರಡನೆಯ ಕ್ಯಾಸ್ಪರ್ ಸಿಕ್ಕಿದ: ಮಣ್ಣಾದದ್ದು 1858, ಕಡಲಂಚಿನ ಸ್ಮಶಾನ.

ಊರಿನಲ್ಲಿ ಹೈಸ್ಲರರದು ಎರಡು ಮನೆತನ, ಗುಡ್ಡದವರು ಮತ್ತು ದೋಣಿಯವರು. ಲಿಯೋಟಾ ದೋಣಿಯವರ ಪೈಕಿ. ಎರಡರಲ್ಲೂ ಹಿರಿಮಗನಿಗೆ ತಾತನ ಹೆಸರು. ಬಾಯಿಮಾತಿನಲ್ಲಿ ಅಡ್ಡಹೆಸರು ಸೇರಿಸಿ ಕರೆಯುತ್ತಿದ್ದರು, ಗೊಂದಲವೇ ಇರಲಿಲ್ಲ. ಪಾದ್ರಿಯೂ ಅವರ ನಡುವೆಯೇ ಉಂಡು ಮಲಗಿದವನು. ಎಲ್ಲರಿಗೂ ಗೊತ್ತಿದ್ದದ್ದನ್ನು ಶಾಯಿ ದಂಡಮಾಡಿ ಏಕೆ ಬರೆಯಬೇಕು? ಆ ಪುಣ್ಯಾತ್ಮ ಉಳಿಸಿದ ಶಾಯಿಗೆ ಲಿಯೋಟಾ ವಂಶವೃಕ್ಷ ಹುಡುಕಿದ ಇಪ್ಪತ್ತೆರಡು ವರ್ಷ ಹೋಗಿತ್ತು.

ಅವಳದು ಹೋದರೆ ಹೋಗಲಿ. ಚರ್ಚಿನ ಹಿಂದಿರುವ 1847ರ ಸಮಾಧಿಯನ್ನು ತೋರಿಸಿ "ಇವನೇ ನಮ್ಮ ಮೂಲಪುರುಷ" ಎಂದು ಅಣ್ಣ ಓರಿನ್‌ಗೆ ಹೇಳಿದವಳು ಅವಳೇ. ಮದುವೆಯಾಗದ ಓರಿನ್ ಅಂದಿನಿಂದ ಪ್ರತಿ ಶನಿವಾರ ಅಲ್ಲಿ ಹುಲ್ಲು ಕತ್ತರಿಸಿದ. ತನಗೂ ಅದರ ಪಕ್ಕದಲ್ಲೇ ಜಾಗ ಹಿಡಿದಿಟ್ಟ. ಈಗ ಮೇ ತಿಂಗಳು. ಓರಿನ್‌ಗೆ ಇನ್ನು ಆಯಸ್ಸು ಚಳಿಗಾಲಕ್ಕೆ ಮುಂಚೆ ಮೇಪಲ್ ಎಲೆ ಉದುರುವವರೆಗೆ ಎಂದು ಡಾಕ್ಟರು ಹೇಳಿದ್ದರು. ಹೇಳದೆ ಇದ್ದುಬಿಡೋಣ ಅನ್ನಿಸಿತು. ಆದರೆ ಅಷ್ಟು ದೊಡ್ಡ ಸುಳ್ಳನ್ನು ಹೊರಲು ಅವಳಲ್ಲಿ ಶಕ್ತಿ ಉಳಿದಿರಲಿಲ್ಲ.

ಓರಿನ್ ಅಡುಗೆಮನೆಯಲ್ಲಿ ಸಾಸೇಜು, ಹುಳಿ ಎಲೆಕೋಸು ಮುಂದಿಟ್ಟುಕೊಂಡು ಕೂತಿದ್ದ.

"ಏನ್ ಹುಡುಗೀ, ಸತ್ತವರ ಜೊತೆ ಜಗಳ ಆಡ್ಕೊಂಡು ಬಂದ್ಯಾ?"

"ಆಡ್ದೆ. ಸೋತೆ." ಎಪ್ಪತ್ತೊಂದರ ಹುಡುಗಿ ಕೋಟು ಬಿಚ್ಚದೆ ಕುಳಿತಳು. "ಕ್ಯಾಸ್ಪರ್ ನಮ್ಮವನಲ್ಲ, ಓರಿನ್. ಗುಡ್ಡದವನು. ಮರ್ಟನ್ ಮನೆಯವನು."

"ಯಾವ ಮರ್ಟನ್? ನಾನು ಮಂಡಿಯೂರಿರೋದನ್ನ ನೋಡಿ ಟ್ರಕ್ಕಿನಿಂದ ಹಾರ್ನ್ ಹೊಡ್ಕೊಂಡು ಹೋಗ್ತಾನಲ್ಲ, ಅವನಾ?"

"ಅವನೇ. ಅವನಿಗೂ ಗೊತ್ತಿಲ್ಲ."

"ಅವನ ಮುತ್ತಾತನಿಗೆ ನಾನು ಇಪ್ಪತ್ತೆರಡು ವರ್ಷ ಕ್ಷೌರ ಮಾಡಿದೀನಿ." ಓರಿನ್ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ ಕೇಳಿದ, "ಹಂಗಾದ್ರೆ ನಮ್ಮವನೆಲ್ಲಿ?"

"ಕಡಲಂಚಲ್ಲಿ."

ಆ ಸ್ಮಶಾನವನ್ನು ಸಮುದ್ರ ನುಂಗಿದಾಗ ಅವರಿಬ್ಬರೂ ಶಾಲೆಗೆ ಹೋಗುತ್ತಿದ್ದರು. ನೋಡಲು ಓಡಿಯೂ ಹೋಗಿದ್ದರು.

"ನನ್ನಿಂದ ಹಿಂಗಾಯ್ತು. ನಿಂಗೆ ಬೇರೆ ಕಡೆ ಜಾಗ ಕೇಳ್ಲಾ?"

ಓರಿನ್ ತಟ್ಟೆಯನ್ನು ದೂರ ತಳ್ಳಿ ಕಿಟಕಿಯ ಕಡೆ ತಿರುಗಿದ.

ಮೂರು ದಿನ ಅವನು ಆ ವಿಷಯ ಎತ್ತಲಿಲ್ಲ. ಶನಿವಾರ ಬೆಳಿಗ್ಗೆ ಕತ್ತರಿ ಹಿಡಿದು ಅವಳ ಕಾರಿನಲ್ಲಿ ಬಂದು ಕುಳಿತ.

ಬೇರೆಯವರ ಸಮಾಧಿಯ ಮುಂದೆ ಆ ಊರಿನವರು ಟೋಪಿ ತೆಗೆಯುತ್ತಾರೆ. ಕ್ಯಾಸ್ಪರನ ಮುಂದೆ ಮಾತ್ರ ಓರಿನ್ ಎಂದೂ ತೆಗೆದವನಲ್ಲ. ಮನೆಯವನ ಹತ್ತಿರ ಎಂಥ ಉಪಚಾರ ಅನ್ನುತ್ತಿದ್ದ. ಇವತ್ತು ತೆಗೆದ. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಲ್ಲಿನ ಎದುರು ನಿಂತ. ಗಾಳಿಗೆ ಅವನ ನಾಲ್ಕು ಕೂದಲು ಎದ್ದು ನಿಂತವು.

"ನಾನು ಓರಿನ್ ಅಂತ. ದೋಣಿಯವರ ಪೈಕಿ," ಎಂದ. "ಪಕ್ಕದ ಜಾಗ ನಂದೇ."

ಸ್ವಲ್ಪ ಹೊತ್ತು ಕಾದ. ಆಮೇಲೆ ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡು, ತಂಗಿಯ ಭುಜ ಹಿಡಿದು ಮಂಡಿಯೂರಿ, ಕಲ್ಲಿನ ಬುಡದ ಹುಲ್ಲಿಗೆ ಕತ್ತರಿ ಹಾಕಿದ.