ಹವಳದ ತೊಟ್ಟಿಯ ಮೋಟಾರು

ಹಾವೇರಿಯಿಂದ ಬೆಳಗಿನ ಬಸ್ಸಿಗೆ ಬಂದಿಳಿದ ಶಾಂಭವಿ, ಅಪ್ಪನ ಕಾಲಿಗೆ ಬೀಳುವುದನ್ನೂ ಬಿಟ್ಟು, ಗಾಜಿನ ತೊಟ್ಟಿಯ ಹಿಂದೆ ಕೈಹಾಕಿ ವೈರು ತಡಕುತ್ತಿದ್ದಳು. ಎದುರಿಗೇ, ಗೋಡೆಗೊರಗಿಸಿ ಕೂರಿಸಿದ್ದ ಅಪ್ಪ ಮಧುಕೇಶ್ವರನ ಹೆಣ. ಹಣೆ ತುಂಬ ವಿಭೂತಿ. ಶಿರಸಿ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟು, ಗಿರಾಕಿಗಳಿಗಿಂತ ಹೆಚ್ಚು ಈ ತೊಟ್ಟಿಯ ಉಪ್ಪುನೀರಲ್ಲಿ ಸಾಕಿದ ಜೀವಂತ ಹವಳಗಳೊಂದಿಗೆ ಮಾತಾಡಿ ಮುಗಿಸಿದ ಜೀವ ಅದು. ಇಂಥ ಹೊತ್ತಲ್ಲಿ ಮಗಳಿಗೆ ಇದೆಂಥ ಹುಚ್ಚು ಅಂದುಕೊಂಡವರು ಕಡಿಮೆಯಿರಲಿಲ್ಲ.

“ಯವ್ವಾ, ಮೋಟಾರು ಯಾರು ಬಂದ್ ಮಾಡಿದ್ರು?”

ತಾಯಿ ಮುರಿಗೆವ್ವ ತಲೆ ಎತ್ತಿದಳು. “ನಾನ. ರಾತ್ರಿ ಭಜನಿ ಮೈಕಿಗೆ ಪ್ಲಗ್ ಬೇಕಿತ್ತು. ಸತ್ತ ಮನ್ಯಾಗ ಅದು ಗುಂಯ್ ಅಂತ ಒದರೋದು ಚಂದ ಕಾಣ್ತದೇನು?”

“ಮೊದಲು ಅಪ್ಪಗ ಹೂ ಹಾಕವಾ,” ಎಂದ ಭಜನೆಯ ಶಂಕ್ರಪ್ಪ. “ಅವಕ್ಕೇನಾಗ್ತದ? ನೀರಾಗ ಅದಾವಲ್ಲ.”

“ನೀರಿದ್ರ ಸಾಲದು ಕಾಕಾ. ನೀರು ಆಡ್ತಿರಬೇಕು. ನಿಂತ್ರ ಅವಕ್ಕ ಉಸಿರು ಕಟ್ತದ.”

*

ತೊಟ್ಟಿ ಬಂದ ಹೊಸತರಲ್ಲಿ ಮಧುಕೇಶ್ವರ ಒಂದೇ ಕಡೆಯಿಂದ ಜೋರಾಗಿ ನೀರು ಬಿಟ್ಟಿದ್ದ. ಹವಳ ಮುದುಡಿತು. ನಿಧಾನ ಮಾಡಿದರೆ ಮೈಮೇಲೆ ಹೊಲಸು ಕೂತಿತು. ಕೊನೆಗೆ ಎರಡು ಮೋಟಾರಿಟ್ಟು, ಒಮ್ಮೆ ಆಚೆಯಿಂದ ಒಮ್ಮೆ ಈಚೆಯಿಂದ, ಸಮುದ್ರ ಎಳೆದಾಡಿದ ಹಾಗೆ ನೀರು ತಿರುಗಿಸಿದ. ಹವಳದ ಸಣ್ಣ ಸಣ್ಣ ಎಳೆಗಳು ಹೊರಬಂದು ತೂಗಾಡತೊಡಗಿದವು.

“ಬಾರ ಇಲ್ಲೆ, ಹೆಂಗ ಕುಣೀತಾವ ನೋಡು!” ಎಂದು ಹೆಂಡತಿಯನ್ನು ಕರೆದಿದ್ದ.

“ಅವನ್ನ ಕಟಗೊಂಡು ಸಂಸಾರ ಮಾಡ್ರಿ,” ಎಂದಿದ್ದಳು ಮುರಿಗೆವ್ವ, ರೊಟ್ಟಿ ಬಡಿಯುತ್ತಲೇ. ಶಾಂಭವಿಗೆ ನಗು ತಡೆಯಲಾಗಿರಲಿಲ್ಲ.

*

“ಅಂದ್ರ ಅವನ್ನ ನಾನ ಕೊಂದ್ನೇನು?” ಮುರಿಗೆವ್ವನ ದನಿಗೆ ಭಜನೆ ನಿಂತಿತು.

ಶಾಂಭವಿ ಮೈಕಿನ ಪ್ಲಗ್ ಕಿತ್ತು ಮೋಟಾರಿನದು ಚುಚ್ಚಿದಳು. ಹೊರಗೆ ಹೆಣ ಕೂರಿಸಿ ಒಯ್ಯುವ ವಿಮಾನ ಕಟ್ಟಿ ಮುಗಿದಿತ್ತು. ಹೆಣ ಎತ್ತಲು ಗಂಡಸರು ಒಳಬಂದರು. ಮುರಿಗೆವ್ವ ಮಾತ್ರ ಹಿಡಿದವರ ಕೈ ಕೊಡವಿ ತೊಟ್ಟಿಯ ಕಡೆ ಬಂದಳು.

“ಅರಳ್ತಾವೇನ ಶಾಂಭವಿ? ನಿಮ್ಮಪ್ಪಾರದು ಅದೊಂದರೆ ಉಳೀಲವಾ.”

ಮೊದಲ ಸುಳಿ ಬಡಿದದ್ದೇ ತಡ, ದೊಡ್ಡ ಹವಳದ ಮೈಯಿಂದ ಮಾಂಸ ಹಾಲಿನ ಕೆನೆಯಂತೆ ಬಿಟ್ಟು ತೇಲಿತು. ಅಡಿಯಲ್ಲಿ ಬೆಳ್ಳನೆಯ ಎಲುಬು. ನೀರು ಮಗ್ಗುಲು ತಿರುಗಿತು. ಆ ಕಡೆಯದೂ ಕಳಚಿತು. ಶಾಂಭವಿ ತಟ್ಟನೆ ತಾಯಿಯ ಕಡೆ ತಿರುಗಿದಳು.

“ಅರಳ್ತಾವ, ತಡಿ. ಹೊತ್ತು ಹಿಡೀತದ.”

ಗಾಜಿಗೆ ಬೆನ್ನು ಕೊಟ್ಟು, ಸೆರಗನ್ನು ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದು ನಿಂತಳು. ಮುರಿಗೆವ್ವ ತುದಿಗಾಲಲ್ಲಿ ನಿಂತು, ಮಗಳ ಹೆಗಲ ಮೇಲಿಂದ ಕತ್ತು ಚಾಚುತ್ತಿದ್ದಳು.